ಮಗಳಿಗೊಂದು ಪತ್ರ: ಅಂಗಳ ಒಣಗಿರುವಾಗಲೇ

ಶಿರಸಿ
ಅಕ್ಟೋಬರ್ 28, ಸ್ವಾತಿ ಮಳೆ

ಪ್ರೀತಿಯ ಕೂಸೇ,

ಫೋನಿನಲ್ಲಿ ಹೇಳಿದರೆ "ಹೂಂ ಆಯಿ, ಆಯ್ತು ಆಯಿ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ಪೂರ್ತಿ ಓದು.

ನಿನ್ನೆ ನೀನು ಅಮೆರಿಕದ ಬಫಲೋದಿಂದ ಹೇಳಿದೆ: "ಮುಂದಿನ ವಾರ ಜೋರು ಹಿಮ ಬೀಳಬಹುದು ಅಂತಿದ್ದಾರೆ. ಆದರೆ ಇಲ್ಲಿ ಚೆನ್ನಾಗಿ ಬಿಸಿಲಿದೆ, ಮರದಲ್ಲಿ ಎಲೆ ಇನ್ನೂ ಹಾಗೇ ಇದೆ. ಇಷ್ಟು ಬೇಗ ಎಲ್ಲಿ ಬರುತ್ತೆ?" ಆ ಕಡೇ ಮಾತು ಕೇಳಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ.

ನೀನು 7ನೇ ಕ್ಲಾಸಿನಲ್ಲಿದ್ದ ವರ್ಷ. ದೀಪಾವಳಿ ಮುಗಿದು ವಾರವಾಗಿತ್ತು. ಕೊನೆಗೌಡ ಎರಡು ದಿನ ಕೊಯ್ದ ಅಡಿಕೆಯನ್ನು ಸುಲಿದು, ಬೇಯಿಸಿ, ಅಂಗಳದ ತುಂಬಾ ಹರವಿದ್ದೆವು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದಿದೆ, ಮಳೆ ಬರುತ್ತದೆ ಅಂತ ಸಂಜೆ ರೇಡಿಯೋದಲ್ಲಿ ಹೇಳಿದರು. ಅಪ್ಪಯ್ಯ "ಟಾರ್ಪಾಲು ಎಳೆಯೋಣವಾ?" ಅಂತ ಕೇಳಿದರು. ನಾನು ಅಂಗಳಕ್ಕೆ ಬಂದು ಮೇಲೆ ನೋಡಿದೆ. ಆಕಾಶದ ತುಂಬಾ ಚುಕ್ಕಿ. "ಇಷ್ಟು ಚೊಕ್ಕವಾಗಿದೆ, ಎಲ್ಲಿ ಬರುತ್ತೆ" ಅಂದೆ. ರಾತ್ರಿ 2 ಗಂಟೆಗೆ ಹೆಂಚಿನ ಮೇಲೆ ಸದ್ದು. ಓಡಿ ಹೊರಗೆ ಬರುವಷ್ಟರಲ್ಲಿ ಅಂಗಳದಲ್ಲಿ ಕೆಂಪು ನೀರು ಹರಿಯುತ್ತಿತ್ತು. ನೀನು ಟಾರ್ಚ್ ಹಿಡಿದು ನಿಂತಿದ್ದೆ, ನೆನಪಿದೆಯಾ? ಕಾಲಡಿ ಅಡಿಕೆ ಜಾರುತ್ತಿತ್ತು. ಬಾಚಿ ಬಾಚಿ ಬುಟ್ಟಿಗೆ ತುಂಬಿದೆವು. ನಾಲ್ಕು ದಿನ ಬಿಸಿಲು ಕಾಣಲಿಲ್ಲ, ಅಡಿಕೆಗೆ ಬೂಸ್ಟು ಬಂತು.

ದಿನಾ ಮಳೆ ಅಳೆದು ಬರೆಯುವ ನನ್ನ ಮಳೆ ಪುಸ್ತಕದಲ್ಲಿ ಆ ದಿನದ ಲೆಕ್ಕ 18 ಮಿ.ಮೀ. ಇದೆ. ಆಷಾಢದಲ್ಲಿ 18 ಮಿ.ಮೀ. ಬಿದ್ದರೆ ನಾವು ಅದನ್ನು ಮಳೆ ಅಂತಲೇ ಕರೆಯುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂತು ನೋಡು, ಅಷ್ಟೇ ಮಳೆ ನಮ್ಮ ಆ ವರ್ಷದ ದುಡ್ಡು ತಿಂದುಹಾಕಿತು.

ನಿನ್ನ ಊರಿನ ಹಿಮವೂ ಹೀಗೇ. ಜನವರಿಯಲ್ಲಿ ಒಂದು ಅಡಿ ಬಿದ್ದರೆ ಎಲ್ಲರ ಬಳಿ ಸಲಿಕೆ ಇರುತ್ತದೆ, ಬೂಟು ಇರುತ್ತದೆ, ಕಾರಿಗೆ ಚಳಿಗಾಲದ ಟೈರು ಹಾಕಿರುತ್ತಾರೆ, ಮರ ಬೋಳಾಗಿರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಿದ್ದರೆ ಯಾವುದೂ ಸಿದ್ಧ ಇರುವುದಿಲ್ಲ. ಎಲೆ ಇನ್ನೂ ಇದೆ ಅಂದೆಯಲ್ಲ, ನನಗೆ ಭಯ ಅದರದೇ. ಒದ್ದೆ ಹಿಮ ಒಂದೊಂದು ಎಲೆಯ ಮೇಲೂ ಕೂರುತ್ತದೆ. ಕೊಂಬೆ ಆ ಭಾರ ತಡೆಯುವುದಿಲ್ಲ, ಮುರಿದು ವಿದ್ಯುತ್ ತಂತಿ ಮೇಲೆ ಬೀಳುತ್ತದೆ. 2006ರ ಅಕ್ಟೋಬರ್ 12 ಮತ್ತು 13ರಂದು ನಿಮ್ಮ ಬಫಲೋದಲ್ಲಿ ಆದದ್ದು ಅದೇ. ವಿಮಾನ ನಿಲ್ದಾಣದಲ್ಲಿ ಅಳೆದದ್ದು 22.6 ಇಂಚು. ಲಕ್ಷಗಟ್ಟಲೆ ಮನೆಗಳಿಗೆ ಕರೆಂಟ್ ಹೋಯಿತು. ಅಲ್ಲಿಯವರು ಇವತ್ತಿಗೂ ಅದನ್ನು "ಅಕ್ಟೋಬರ್ ಸರ್‌ಪ್ರೈಸ್" ಅಂತಲೇ ಕರೆಯುತ್ತಾರೆ. 2011ರ ಅಕ್ಟೋಬರ್ ಕೊನೆಯಲ್ಲಿ ನಿಮ್ಮ ಪೂರ್ವದ ರಾಜ್ಯಗಳಿಗೂ ಇದೇ ಗತಿ ಬಂತು. 30 ಲಕ್ಷಕ್ಕಿಂತ ಜಾಸ್ತಿ ಮನೆ, ಅಂಗಡಿಗಳು ಕತ್ತಲಲ್ಲಿದ್ದವು.

ಬಫಲೋಗೇ ಯಾಕೆ ಇಷ್ಟು ಬೀಳುತ್ತದೆ ಅಂತ ನೀನು ಹೋದ ದಿನದಿಂದ ಓದುತ್ತಿದ್ದೇನೆ. ಓದಿದಷ್ಟೂ ನನ್ನ ತವರು ಕುಮಟಾವೇ ನೆನಪಾಗುತ್ತದೆ. ಮಳೆಗಾಲದ ಗಾಳಿ ಸಮುದ್ರದ ಮೇಲೆ ನೀರು ಕುಡಿದು ಬರುತ್ತದೆ, ಘಟ್ಟ ಹತ್ತುವಾಗ ತಣ್ಣಗಾಗಿ ಸುರಿದುಬಿಡುತ್ತದೆ. ದೇವಿಮನೆ ಘಟ್ಟದಲ್ಲಿ ಬಸ್ಸಿನ ಮುಂದೆ ರಸ್ತೆ ಕಾಣದಷ್ಟು ಹೊಯ್ಯುವಾಗ, ಇದೇ ಜಿಲ್ಲೆಯ ಮುಂಡಗೋಡಿನಲ್ಲಿ ಗೋವಿನಜೋಳಕ್ಕೆ ಗೊಬ್ಬರ ಹಾಕುತ್ತಾ ಇರುತ್ತಾರೆ. ನಿನಗೆ ಸಮುದ್ರದ ಜಾಗದಲ್ಲಿ ಈರಿ ಸರೋವರ ಇದೆ. ಅದರ ಉದ್ದ ಸುಮಾರು 390 ಕಿ.ಮೀ. ಕಾರವಾರದಿಂದ ಹೊರಟು ಮಂಗಳೂರು ದಾಟಿ ಕೇರಳದ ಒಳಗೆ ಹೋಗುವಷ್ಟು ದೂರ. ಬಫಲೋ ಇರುವುದು ಅದರ ಪೂರ್ವದ ತುದಿಯಲ್ಲಿ. ಗಾಳಿ ನೈಋತ್ಯ, ಪಶ್ಚಿಮದ ನಡುವಿನಿಂದ ಬೀಸಿದರೆ ಅಷ್ಟೂ ಉದ್ದ ನೀರಿನ ಮೇಲೇ ಸಾಗಿ, ಕಡೆಗೆ ನಿಮ್ಮ ಊರಿನ ಮೇಲೆ ಕೊಡ ಬಗ್ಗಿಸುತ್ತದೆ.

ಅದಕ್ಕೆ ಗಾಳಿ ತಣ್ಣಗಿದ್ದರೆ ಸಾಲದು, ನೀರು ಬೆಚ್ಚಗಿರಬೇಕು. ಸರೋವರದ ನೀರಿಗೂ ಅದರ ಮೇಲೆ ಒಂದೂವರೆ ಕಿ.ಮೀ. ಎತ್ತರದ ಗಾಳಿಗೂ ಕಡಿಮೆ ಅಂದರೆ 13 ಡಿಗ್ರಿ ವ್ಯತ್ಯಾಸ ಇದೆಯಾ ಅಂತ ಹವಾಮಾನದವರು ಮೊದಲು ನೋಡುತ್ತಾರೆ. ಈಗ ನಿಮ್ಮ ಸರೋವರ ಸುಮಾರು 12 ಡಿಗ್ರಿ ಇರುತ್ತದೆ. ಬೇಸಿಗೆಯ ಬಿಸಿ ಅದರ ಹೊಟ್ಟೆಯಲ್ಲಿ ಇನ್ನೂ ಇದೆ. ಈರಿ ಆಳ ಕಡಿಮೆ ಇರುವ ಸರೋವರ, ಕಡು ಚಳಿಗಾಲದಲ್ಲಿ ಅದರ ಬಹುಭಾಗ ಹೆಪ್ಪುಗಟ್ಟುವ ವರ್ಷಗಳೇ ಜಾಸ್ತಿ. ಆಮೇಲೆ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ, ಗಾಳಿಗೆ ನೀರು ಸಿಗುವುದಿಲ್ಲ. "ಇಷ್ಟು ಬೇಗ ಎಲ್ಲಿ ಬರುತ್ತೆ" ಅಂದೆಯಲ್ಲ ಕೂಸೇ, ಬೇಗ ಬರುವ ಚಳಿಗೇ ಆ ಸರೋವರದಲ್ಲಿ ಜಾಸ್ತಿ ಬಲ. ಹೀಗೆ ಬೀಳುವಾಗ ಒಮ್ಮೊಮ್ಮೆ ಗುಡುಗು, ಮಿಂಚೂ ಇರುತ್ತದಂತೆ. ನಮ್ಮ ಚಿತ್ತಾ ಮಳೆಯ ಹಾಗೆ. ಹೆದರಬೇಡ.

ಈಗ ಮುನ್ಸೂಚನೆಯ ಮಾತು. ನೀನು ಅದನ್ನು ಬರುತ್ತೆ, ಬರಲ್ಲ ಅಂತ ಎರಡೇ ಭಾಗ ಮಾಡಿ ನೋಡುತ್ತೀಯ. ನಾನೂ ಹಾಗೇ ನೋಡುತ್ತಿದ್ದೆ. ಯುರೋಪಿನ ಹವಾಮಾನ ಕೇಂದ್ರದವರು ಶುರುವಿನ ಅಂಕಿಗಳನ್ನು ಚೂರು ಚೂರು ಬದಲಿಸಿ, ಮುಂದಿನ ದಿನಗಳ ಲೆಕ್ಕವನ್ನು 51 ಸಲ ಮಾಡುತ್ತಾರೆ. ವಾರದ ಮೊದಲೇ ಅದರಲ್ಲಿ 40 ಸಲ ತಣ್ಣನೆ ಗಾಳಿ ಇಳಿದರೆ, ಚಳಿ ಬರುವುದು ಹೆಚ್ಚುಕಡಿಮೆ ಖರೆ ಅಂತ ತಿಳಿ. ಆದರೆ ಹಿಮ ಸುರಿಸುವ ಮೋಡದ ಪಟ್ಟಿ ಯಾರ ಮನೆ ಮೇಲೆ ನಿಲ್ಲುತ್ತದೆ ಅಂತ ಆಗ ಯಾರೂ ಹೇಳಲಾರರು. ಪಟ್ಟಿಯ ಅಗಲ ಕೆಲವೇ ಕಿ.ಮೀ. ಗಾಳಿಯ ದಿಕ್ಕು ಸ್ವಲ್ಪ ತಿರುಗಿದರೂ ಪಟ್ಟಿ ಪಕ್ಕದ ಊರಿಗೆ ಹೋಗುತ್ತದೆ. ಅದು ಒಂದೆರಡು ದಿನ ಇರುವಾಗ ಸ್ಪಷ್ಟ ಆಗುತ್ತಾ ಬರುತ್ತದೆ. ಅಲ್ಲಿಯ ಹವಾಮಾನದವರು ಮೊದಲು, ಬರಬಹುದು ಅನ್ನುವಾಗ "ವಾಚ್" ಅನ್ನುತ್ತಾರೆ, ಆಮೇಲೆ ಬರುವುದು ಖಚಿತವಾದಾಗ "ವಾರ್ನಿಂಗ್". ನಮ್ಮ ಹವಾಮಾನ ಇಲಾಖೆಯವರು ಹಳದಿ, ಕಿತ್ತಳೆ, ಕೆಂಪು ಅನ್ನುವ ಹಾಗೆ. ನೀನು ವಾರ್ನಿಂಗ್‌ವರೆಗೆ ಕಾಯಬೇಡ. ವಾಚ್ ಅಂದ ದಿನವೇ ನಿನ್ನ ಟಾರ್ಪಾಲು ಎಳೆ.

2022ರ ನವೆಂಬರ್‌ನಲ್ಲಿ ಅಲ್ಲಿ ಅದನ್ನು ಎಷ್ಟು ಚೆನ್ನಾಗಿ ಮಾಡಿದರು ನೋಡು. ಹಿಮ ಜೋರಾಗುವ ಮೊದಲೇ ಹೆದ್ದಾರಿಯಲ್ಲಿ ಲಾರಿ ಓಡಾಟ ನಿಲ್ಲಿಸಿದರು. ಆ ಭಾನುವಾರದ ಬಫಲೋ ಬಿಲ್ಸ್ ಫುಟ್ಬಾಲ್ ಪಂದ್ಯವನ್ನು ಡೆಟ್ರಾಯಿಟ್‌ಗೆ ಒಯ್ದರು. ಆಮೇಲೆ ಬಫಲೋದ ದಕ್ಷಿಣಕ್ಕೆ, ನಿನ್ನ ಬಾಡಿಗೆ ಮನೆ ಇರುವ ಆರ್ಚರ್ಡ್ ಪಾರ್ಕ್‌ನಲ್ಲಿ ಸುಮಾರು 80 ಇಂಚು ಬಿತ್ತು. ವಿಮಾನ ನಿಲ್ದಾಣದಲ್ಲಿ ಬಿದ್ದದ್ದು ಸುಮಾರು 3 ಅಡಿ, ಇನ್ನೂ ಉತ್ತರಕ್ಕೆ ಹೋದರೆ ತೀರಾ ಕಡಿಮೆ. ಉತ್ತರದವರು ಯಾರಾದರೂ "ಸುಮ್ನೆ ಹೆದರಿಸಿದರು" ಅಂದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಗಾಳಿ ಸ್ವಲ್ಪ ತಿರುಗಿದ್ದರೆ ಅವರೇ ಹೂತುಹೋಗುತ್ತಿದ್ದರು. 2014ರ ನವೆಂಬರ್‌ನಲ್ಲಿ ಹೆದ್ದಾರಿಯಲ್ಲಿ ಸಿಕ್ಕಿಬಿದ್ದವರು ಒಂದು ದಿನಕ್ಕಿಂತ ಜಾಸ್ತಿ ಗಾಡಿಯಲ್ಲೇ ಕುಳಿತಿದ್ದರು. ನೀನು ಆ ಜಾಗದಲ್ಲಿ ಇರುವುದನ್ನು ನನ್ನಿಂದ ಊಹಿಸಲಿಕ್ಕೂ ಆಗುವುದಿಲ್ಲ.

ಅದಕ್ಕೆ ಈ ಶನಿವಾರವೇ ಅಂಗಡಿಗೆ ಹೋಗು. ಸಲಿಕೆ, ಬೂಟು, ಟಾರ್ಚ್, ಸೆಲ್ಲು ತಗೋ. ಬೇಯಿಸದೆ ತಿನ್ನುವಂಥದ್ದು ನಾಲ್ಕು ದಿನಕ್ಕೆ ಇಟ್ಟುಕೋ. ನಾನು ಕೊಟ್ಟ ಅವಲಕ್ಕಿ ಮುಗಿದಿಲ್ಲ ಅಲ್ವಾ? ಕುಡಿಯುವ ನೀರು ತುಂಬಿಡು. ನಿನ್ನ ಥೈರಾಯ್ಡ್ ಮಾತ್ರೆ ಎಷ್ಟಿದೆ ಎಣಿಸು. ಕಾರಿನಲ್ಲಿ ಒಂದು ಕಂಬಳಿ ಇರಲಿ. ಆದರೆ ಹಿಮ ಶುರುವಾದ ಮೇಲೆ ಕಾರು ತೆಗೆಯಬೇಡ, ಆಫೀಸಿನವರು ಏನೇ ಅನ್ನಲಿ. ಎಲ್ಲಾದರೂ ಸಿಕ್ಕಿಬಿದ್ದರೆ, ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಹೋಗಿರುವಾಗ ಎಂಜಿನ್ ಹಾಕಿಕೊಂಡು ಒಳಗೆ ಕೂರಬೇಡ. ಆ ವಿಷಗಾಳಿಗೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. ಕೆಳಗಿನ ಮನೆಯ ಅಜ್ಜಿಗೂ ಏನು ಬೇಕು ಅಂತ ಕೇಳು. ಅವರನ್ನು ಸಲಿಕೆ ಹಿಡಿಯಲು ಬಿಡಬೇಡ. ಒದ್ದೆ ಹಿಮ ಎತ್ತಲು ಹೋಗಿ ಎದೆ ಹಿಡಿದುಕೊಂಡು ಸತ್ತವರು ಆ 2022ರಲ್ಲೂ ಇದ್ದರು.

ಅಪ್ಪಯ್ಯ ಇಲ್ಲಿ ಪಕ್ಕದಲ್ಲೇ ಕುಳಿತು ಲೆಕ್ಕ ಕೇಳುತ್ತಿದ್ದಾರೆ. 80 ಇಂಚು ಹಿಮ ಅಂದರೆ ಎಷ್ಟು ಮಳೆ? ಸಾಮಾನ್ಯವಾಗಿ 10 ಇಂಚು ಹಿಮ ಕರಗಿದರೆ 1 ಇಂಚು ನೀರು. ಹಾಗಾದರೆ 8 ಇಂಚು, 200 ಮಿ.ಮೀ. ಹತ್ತಿರ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಅಷ್ಟು ಮಳೆ ಎರಡೇ ದಿನದಲ್ಲಿ ಬಂದದ್ದನ್ನು ಎಷ್ಟೋ ಸಲ ಬರೆದಿದ್ದೇನೆ. ಅದು ಹಳ್ಳ ಸೇರಿ, ಹೊಳೆ ಸೇರಿ ಹೋಗುತ್ತದೆ. ನಿನ್ನ ಊರಿನಲ್ಲಿ ಬಿದ್ದದ್ದು ಬಾಗಿಲ ಮುಂದೆ ಆಳಿನ ಎತ್ತರಕ್ಕೆ ನಿಂತಿರುತ್ತದೆ. ಅಪ್ಪಯ್ಯ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ.

ಇನ್ನೊಂದು ಕೆಲಸ ಮಾಡು. ಒಂದು ಬಿಳಿ ಹಲಗೆಯನ್ನು ಮನೆಯಿಂದ ಸ್ವಲ್ಪ ದೂರ, ಬಯಲಲ್ಲಿ, ನೆಲದ ಮೇಲೆ ಈಗಲೇ ಇಟ್ಟುಬಿಡು. ಪಕ್ಕದಲ್ಲಿ ಒಂದು ಕೋಲು ನೆಡು, ಇಲ್ಲದಿದ್ದರೆ ಹೂತ ಮೇಲೆ ಸಿಗುವುದಿಲ್ಲ. ಹಿಮ ಬಿದ್ದಾಗ ಅದರ ಮೇಲೆ ಸ್ಕೇಲು ನಿಲ್ಲಿಸಿ ನೋಡು, ಬರೆದುಕೋ, ಹಲಗೆ ಒರೆಸಿ ಮತ್ತೆ ಇಡು. ಅಲ್ಲಿಯವರು ಅಳೆಯುವುದೂ ಹೀಗೇ. ಹೊರಗೆ ಕಾಲಿಡಲು ಆಗದಿದ್ದರೆ ಬೇಡ, ಕಿಟಕಿಯಿಂದ ನೋಡಿ ಅಂದಾಜು ಹೇಳು. ನಾನು ಇಲ್ಲಿ ಬೆಳಿಗ್ಗೆ 8:30ಕ್ಕೆ ಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ ಬರೆಯುವಾಗ ನಿನ್ನ ಅಂಕಿಯೂ ಇರಲಿ. ಮಳೆ ಪುಸ್ತಕದಲ್ಲಿ ನಿನಗೆ ಅಂತ ಒಂದು ಕಾಲಂ ಎಳೆದಿದ್ದೇನೆ. ಮೇಲೆ "ಕೂಸು, ಇಂಚು" ಅಂತ ಬರೆದಾಗಿದೆ.

ನಮ್ಮ ಅಂಗಳದಲ್ಲಿ ಅಡಿಕೆ ಹರವಿದೆ. ಆಕಾಶ ಚೊಕ್ಕವಾಗಿದೆ. ಇವತ್ತು ಸಂಜೆ ಹಳದಿ ಅಂದಿದ್ದಾರೆ, ಟಾರ್ಪಾಲು ಎಳೆದೇ ಊಟಕ್ಕೆ ಕೂರುತ್ತೇವೆ.

ಶನಿವಾರ ಅಂಗಡಿಯಿಂದಲೇ ಫೋನ್ ಮಾಡು.

ನಿನ್ನ
ಆಯಿ