ಸೊನ್ನೆಯಿಂದ ಶುರುವಾಗುವ ಗುಡ್ಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪಗಳ ಬಗ್ಗೆ ಬಂದ ಲೇಖನ ಓದಿದೆ. ಬರಹ ಚೆನ್ನಾಗಿತ್ತು. ಆದರೆ ಹಿರ್ತಾ ದ್ವೀಪದ ಕೊನಾಕರ್ ಗುಡ್ಡದ ಬಗ್ಗೆ ಒಂದು ಸಾಲು ಇದೆ ನೋಡಿ, ‘ಬರೀ 430 ಮೀಟರ್, ಒಂದು ಗಂಟೆಯಲ್ಲಿ ಆರಾಮಾಗಿ ಹತ್ತಿ ಇಳಿಯಬಹುದು’ ಅಂತ. ಅದಕ್ಕೆ ನನ್ನ ತಕರಾರು. ಇಂಥದ್ದೇ ಒಂದು ಸಾಲನ್ನು ಬೇರೆಲ್ಲೋ ಓದಿ, ನಂಬಿ, ಎರಡು ವರ್ಷದ ಹಿಂದೆ ಜೂನ್‌ನಲ್ಲಿ ಅಲ್ಲಿಗೆ ಹೋದವನು ನಾನು.

ಬೇರೆ ಬೆಟ್ಟಗಳಲ್ಲಿ ಅರ್ಧ ಎತ್ತರವನ್ನು ಬಸ್ಸೋ ಕಾರೋ ಹತ್ತಿರುತ್ತದೆ. ನಾವು ಉಳಿದದ್ದನ್ನು ನಡೆದು, ಪೂರ್ತಿ ಹತ್ತಿದೆವು ಅಂದುಕೊಳ್ಳುತ್ತೇವೆ. ಹಿರ್ತಾದಲ್ಲಿ ಆ ಮೋಸ ನಡೆಯುವುದಿಲ್ಲ. ದೋಣಿಯಿಂದ ಕಾಲಿಟ್ಟ ಜಾಗವೇ ಸೊನ್ನೆ. 430 ಮೀಟರ್ ಅಂದರೆ ಅಷ್ಟನ್ನೂ ನಮ್ಮ ಮೊಣಕಾಲೇ ಹತ್ತಬೇಕು. ಅದೂ ಹ್ಯಾರಿಸ್ ದ್ವೀಪದಿಂದ ಸುಮಾರು ಮೂರು ಗಂಟೆ ಅಟ್ಲಾಂಟಿಕ್ ಅಲೆಗಳ ಮೇಲೆ ಕುಲುಕಾಡಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಕೊಟ್ಟು ಬಂದ ಮೇಲೆ.

ಅಲ್ಲಿ ಒಂದು ರಸ್ತೆ ಇರುವುದು ನಿಜ. ಸೇನೆಯ ರೇಡಾರ್‌ಗಾಗಿ ಮಾಡಿದ್ದು. ಅದು ಹೋಗುವುದು ಪಕ್ಕದ ಮುಲ್ಲಾಕ್ ಮೋರ್ ಗುಡ್ಡಕ್ಕೆ. ಲೇಖಕರು ಆ ರಸ್ತೆಯನ್ನು ನೋಡಿಯೇ ಒಂದು ಗಂಟೆಯ ಲೆಕ್ಕ ಹಾಕಿದರೇನೋ.

ನಾನು ಹಿಡಿದದ್ದು ಹಳೇ ಊರಿನ ಹಿಂದಿನ ಹುಲ್ಲಿನ ಏರು. ಸಾಲು ಕಲ್ಲುಮನೆಗಳು ಈಗಲೂ ಇವೆ. ಕೊನೆಗೆ ಉಳಿದಿದ್ದ 36 ಜನ 1930ರ ಆಗಸ್ಟ್ 29ರಂದು ದ್ವೀಪ ಬಿಟ್ಟು ಹೋದರು. ಏರಿನ ತುಂಬ ‘ಕ್ಲೆಟ್’ ಎನ್ನುವ ಪುಟ್ಟ ಕಲ್ಲಿನ ಗೂಡುಗಳು, ತಲೆಯ ಮೇಲೆ ಹುಲ್ಲಿನ ಟೋಪಿ. ಇಡೀ ದ್ವೀಪಗಳಲ್ಲಿ ಇಂಥವು 1,200ಕ್ಕೂ ಜಾಸ್ತಿ. ಸುಣ್ಣವಿಲ್ಲ, ಗಾರೆಯಿಲ್ಲ. ಕಲ್ಲಿನ ಸಂದಿಯಲ್ಲಿ ಗಾಳಿ ನುಗ್ಗಿ ಒಳಗಿಟ್ಟ ಹಕ್ಕಿಮಾಂಸ ಒಣಗುತ್ತಿತ್ತು. ನಾನು ಒಂದರ ಮರೆಯಲ್ಲಿ ಕೂತು ಉಸಿರು ತಗೊಂಡೆ. ಒಳಗಿದ್ದ ಕುರಿ ಎದ್ದು ನನ್ನನ್ನು ಬೈಯುವ ಹಾಗೆ ನೋಡಿ ಹೊರಟುಹೋಯಿತು.

ಮೇಲೆ ಹೋದಂತೆ ಬಾಂಕ್ಸಿಗಳ ಸರದಿ. ಕಂದು ಬಣ್ಣದ ದೊಡ್ಡ ಸ್ಕೂವಾ ಹಕ್ಕಿಗೆ ಅಲ್ಲಿನವರು ಹೇಳುವ ಹೆಸರು ಇದು. ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿ ದಾಟುತ್ತದೆ. ಹುಲ್ಲಲ್ಲೇ ಗೂಡು, ಕಣ್ಣಿಗೆ ಬೀಳುವುದೇ ಇಲ್ಲ. ಮೊದಲ ಸಲ ಏನೋ ‘ಝುಂಯ್’ ಅಂತು, ಟೋಪಿ ಹಾರಿಹೋಯಿತು. ಎರಡನೇ ಸಲ ಅದು ಎದುರಿನಿಂದಲೇ, ಮೊಣಕಾಲೆತ್ತರದಲ್ಲಿ ನೇರವಾಗಿ ಬಂದು, ಮುಖದ ಹತ್ತಿರ ಸರ್‍ರನೆ ಮೇಲೇರಿತು. ಕಾಲಿನ ಪೊರೆ ಕಾಣಿಸಿತು, ಅಷ್ಟು ಹತ್ತಿರ. ಕೋಲನ್ನು ತಲೆಗಿಂತ ಎತ್ತರಕ್ಕೆ ಹಿಡಿದರೆ ಅದು ಕೋಲಿನ ತುದಿಗೇ ಎರಗುತ್ತದೆ. ಆದರೆ ಕೋಲು ಹಿಡಿದು ಮುಂದೆ ನುಗ್ಗುವುದಲ್ಲ, ದಾರಿ ಬದಲಿಸಬೇಕು. ಗೂಡಿನ ಹತ್ತಿರ ಬಂದಿದ್ದೇವೆ ಅಂತ ತಾನೇ ಅದು ಹೇಳುತ್ತಿರುವುದು? 2021–22ರ ಹಕ್ಕಿಜ್ವರಕ್ಕೆ ಸ್ಕಾಟ್ಲೆಂಡಿನಲ್ಲಿ ಈ ಹಕ್ಕಿಗಳು ಸಾವಿರಗಟ್ಟಲೆ ಸತ್ತಿವೆ. ಲೇಖನದಲ್ಲಿ ಇವುಗಳ ಸುದ್ದಿಯೇ ಇಲ್ಲ!

ಇನ್ನು ಮೋಡ. ಕೆಳಗೆ ಕೊಲ್ಲಿಯಲ್ಲಿ ಬಿಸಿಲಿತ್ತು. ಸಮುದ್ರದ ಒದ್ದೆ ಗಾಳಿ ಗುಡ್ಡಕ್ಕೆ ಹೊಡೆದು ಮೇಲೇರುವಾಗ ತಣ್ಣಗಾಗಿ ಅಲ್ಲೇ ಮೋಡವಾಗುತ್ತದೆ. ಹತ್ತು ನಿಮಿಷದಲ್ಲಿ ನನ್ನ ಬೂಟು ಬಿಟ್ಟರೆ ಬೇರೇನೂ ಕಾಣಲಿಲ್ಲ. ಕೊನಾಕರ್‌ನ ಆಚೆ ಬದಿ ಇಳಿಜಾರಲ್ಲ ಸ್ವಾಮಿ, ಸಮುದ್ರಕ್ಕೆ ಕಡಿದಂತೆ ಬೀಳುವ ಬಂಡೆ. ಬ್ರಿಟನ್ನಿನ ಅತಿ ಎತ್ತರದ ಕಡಲ ಬಂಡೆಯೇ ಅದು. ಎಲ್ಲಿ ಗುಡ್ಡ ಮುಗಿಯುತ್ತದೆ ಅಂತ ಗೊತ್ತಾಗದೆ ನಿಂತೆ. ಎಡಗಡೆ ಎಲ್ಲೋ ಕೆಳಗಿನಿಂದ ಹಕ್ಕಿಗಳ ಕೂಗು ಕೇಳುತ್ತಿತ್ತು. ಹಕ್ಕಿ ಕೂಗು ಕಾಲಿನ ಕೆಳಗಿಂದ ಬಂದರೆ ಏನರ್ಥ? ತೆಪ್ಪಗೆ ತಿರುಗಿದೆ. ತುದಿ ಬಹುಶಃ ಐವತ್ತು ಮೀಟರ್ ಮೇಲಿತ್ತು. ಇವತ್ತಿಗೂ ನೋಡಿಲ್ಲ.

ಇಳಿಯುವುದು ಹತ್ತುವುದಕ್ಕಿಂತ ನಿಧಾನವಾಯಿತು. ಒದ್ದೆ ಹುಲ್ಲಲ್ಲಿ ಎರಡು ಸಲ ಕೂತೇ ಜಾರಿದೆ. ದೋಣಿಯವರು ದಡದಲ್ಲಿ ಕೊಟ್ಟಿದ್ದು ನಾಲ್ಕು ಗಂಟೆ. ಮೂರೂವರೆ ಗಂಟೆ ಗುಡ್ಡಕ್ಕೇ ಹೋಯಿತು. ನಾನೇನೂ ಮುದುಕನಲ್ಲ, ದಿನಾ ನಡೆಯುವವನೇ.

ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಹೋಗಿ. ಆದರೆ ಓದುಗರಿಗೆ ಎತ್ತರದ ಜೊತೆ ಇದನ್ನೂ ತಿಳಿಸಿ: ಹಿಡಿತವಿರುವ ಬೂಟು ಬೇಕು, ಮೋಡ ಇಳಿದರೆ ಅಲ್ಲಿಂದಲೇ ವಾಪಸ್ ಬರಬೇಕು, ದೋಣಿ ಹತ್ತುವ ಮುಂಚೆ ಚೀಲ ಬಿಚ್ಚಿ ಇಲಿ ಸೇರಿಲ್ಲ ತಾನೇ ಅಂತ ನೋಡಿಕೊಳ್ಳಬೇಕು. ತಮಾಷೆ ಅಲ್ಲ. ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ, ಮರಿಗಳನ್ನು ಇಲಿಗಳು ಉಳಿಸುವುದಿಲ್ಲ.

ತಿದ್ದುಪಡಿ ಹಾಕುವುದಾದರೆ ಫೋಟೊದ ಅಡಿಬರಹವನ್ನೂ ಒಮ್ಮೆ ನೋಡಿ. ಅದರಲ್ಲಿರುವುದು ಕೊನಾಕರ್ ಅಲ್ಲ, ಕೊಲ್ಲಿಯ ಬಾಯಲ್ಲಿರುವ ಡೂನ್ ದ್ವೀಪ.

ಇಂತಿ,
ನಿಮ್ಮ ಹಳೆಯ ಓದುಗ