ಮಳೆಗಾಲದ ಮೈದಾನದಲ್ಲಿ ಈ ಶಾರ್ಟ್ ಪಾಸ್ ಹಟ ಬಿಡಿ

ಮಾನ್ಯ ಸಂಪಾದಕರೇ,

ಕಳೆದ ರವಿವಾರ ನೆಹರೂ ಮೈದಾನದಲ್ಲಿ ನಡೆದ ಫುಟ್‌ಬಾಲ್ ಸೆಮಿಫೈನಲ್ ಪಂದ್ಯದ ವರದಿ ನಿಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಐದು ಸಾಲಿನಲ್ಲಿ ಬಂದಿದೆ. ನಮ್ಮ ತಂಡ 0-2ರಲ್ಲಿ ಸೋತಿತು, ಎರಡೂ ಗೋಲು ಸ್ಟಾಪರ್ (ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಆಟಗಾರ) ಮಾಡಿದ ತಪ್ಪಿನಿಂದ ಬಂದವು ಎಂದು ಅದರಲ್ಲಿದೆ. ಅಂದು ಮೊದಲಿನಿಂದ ಕೊನೆಯವರೆಗೆ ಆಟ ನೋಡಿದವನು ನಾನು. ಆ ಎರಡು ಗೋಲು ಆ ಹುಡುಗನ ತಪ್ಪಲ್ಲ. ಎದುರಾಳಿ ಹೊಡೆದ ಚೆಂಡು ನಮ್ಮ ಗೋಲಿನ ಬದಿಯ ಗೆರೆ ದಾಟಿ ಹೊರಗೆ ಹೋಗಿ ಗೋಲ್ ಕಿಕ್ ಸಿಕ್ಕಿದಾಗಲೆಲ್ಲ ಕೀಪರ್ ಪಕ್ಕದಲ್ಲಿ ನಿಂತ ಸ್ಟಾಪರ್‌ಗೆ ಹತ್ತು ಹೆಜ್ಜೆಯ ಪಾಸ್ ಕೊಡಲೇಬೇಕು, ಅಲ್ಲಿಂದಲೇ ಆಟ ಕಟ್ಟಲೇಬೇಕು ಎಂಬ ಹಟ ನಮ್ಮನ್ನು ಸೋಲಿಸಿತು. ಅದರ ಹಿಂದಿನ ಎರಡು ಪಂದ್ಯಗಳಲ್ಲೂ ಹೀಗೇ ಒಂದೊಂದು ಗೋಲು ಬಿಟ್ಟುಕೊಟ್ಟು ಹೇಗೋ ಗೆದ್ದು ಬಂದಿದ್ದೆವು. ಗೆದ್ದ ಕಾರಣ ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ನನ್ನ ಬಗ್ಗೆ ಎರಡು ಮಾತು. ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಒಂದು ಐಸ್ ಪ್ಲಾಂಟ್‌ನ ಲೆಕ್ಕ ಬರೆಯುವವನು ನಾನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಹೋಗುವ ಹಾಗಿಲ್ಲ. ಬೋಟು ಹೋಗದಿದ್ದರೆ ಐಸಿಗೆ ಗಿರಾಕಿ ಇಲ್ಲ. ಹಾಗಾಗಿ ಬಂದರಿನ ಬದಿಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಸಂಜೆ ಬಿಡುವು ಸಿಗುವುದು ಮಳೆಗಾಲದಲ್ಲಿ ಮಾತ್ರ. ಊರಿನ ಬೇರೆಯವರಿಗೆ ಕ್ರಿಕೆಟ್ ಇರಬಹುದು, ಬಂದರು, ಬೋಳಾರ, ಬೆಂಗ್ರೆ ಕಡೆಯವರಿಗೆ ಮಳೆಗಾಲದ ಆಟಿ ತಿಂಗಳೆಂದರೆ ಫುಟ್‌ಬಾಲ್. ಬೆಂಗ್ರೆಯವರು ಆಟ ನೋಡಲು ಅಂಥ ಮಳೆಯಲ್ಲೂ ಫೆರಿ ದಾಟಿ ಬರುತ್ತಾರೆ. 1984ರಿಂದ 1995ರವರೆಗೆ ನಾನೂ ಇದೇ ಮೈದಾನದಲ್ಲಿ ಲೆಫ್ಟ್ ಔಟ್, ಅಂದರೆ ಎಡಬದಿಯ ಫಾರ್ವರ್ಡ್, ಆಗಿ ಆಡಿದ್ದೇನೆ. ಈಗ ಈ ತಂಡ ಎಲ್ಲಿ ಆಡಿದರೂ ಕೊಡೆ ಹಿಡಿದುಕೊಂಡು ಹೋಗಿ ನಿಲ್ಲುತ್ತೇನೆ.

ರವಿವಾರ ಬೆಳಗ್ಗಿನಿಂದ ಸುರಿದ ಮಳೆ ಮಧ್ಯಾಹ್ನ ಸ್ವಲ್ಪ ಬಿಟ್ಟಿತು. ಬಸ್ ನಿಲ್ದಾಣದ ಬದಿಯ ಗೋಲಿನ ಎದುರು, ಬಾಕ್ಸ್‌ನ (ಗೋಲಿನ ಮುಂದೆ ಗೆರೆ ಎಳೆದ ಜಾಗ) ಎಡಗಡೆ, ಒಂದು ಹೊಂಡದಲ್ಲಿ ಪಾದ ಮುಳುಗುವಷ್ಟು ಕೆಂಪು ನೀರು ನಿಂತಿತ್ತು. ಸುಣ್ಣದ ಗೆರೆ ಅಲ್ಲಿ ಕಾಣುತ್ತಲೇ ಇರಲಿಲ್ಲ. ಆಟ ಶುರುವಾಗುವ ಮೊದಲೇ ನನ್ನ ಪಕ್ಕದಲ್ಲಿದ್ದ ಹಳೆಯ ಕೀಪರ್ ಒಬ್ಬರು ಅದನ್ನು ತೋರಿಸಿ, ‘ಇವತ್ತು ಅಲ್ಲಿ ಚೆಂಡು ಇಡಬಾರದು’ ಎಂದಿದ್ದರು. 17ನೇ ನಿಮಿಷದಲ್ಲಿ ನಮ್ಮ ಕೀಪರ್ ಅಲ್ಲಿಗೇ ಪಾಸ್ ಕೊಟ್ಟ. ಚೆಂಡು ನೀರಿಗೆ ಬಿದ್ದು ಅಲ್ಲೇ ನಿಂತಿತು. ಸ್ಟಾಪರ್ ಓಡಿ ಬರುವಷ್ಟರಲ್ಲಿ ಎದುರಾಳಿ ಫಾರ್ವರ್ಡ್ ಬಂದು ಕಾಲು ಹಾಕಿದ, ಗೋಲು. ಎರಡನೇ ಅರ್ಧದಲ್ಲಿ ಬದಿ ಬದಲಾಯಿತು, ಹೊಂಡ ಎದುರಾಳಿಗೆ ಹೋಯಿತು, ಇನ್ನು ತೊಂದರೆ ಇಲ್ಲ ಅಂದುಕೊಂಡೆವು. ಅಷ್ಟರಲ್ಲಿ ಮತ್ತೆ ಮಳೆ ಹೊಡೆದು ಮೈದಾನವಿಡೀ ಗದ್ದೆಯಂತಾಯಿತು. ಸ್ಟಾಪರ್ ಕೀಪರ್‌ಗೆ ವಾಪಸ್ ಕೊಟ್ಟ ಚೆಂಡು ಅರ್ಧ ದಾರಿಯಲ್ಲಿ ಕೆಸರಿಗೆ ಕಚ್ಚಿಕೊಂಡಿತು. ಇನ್ನೊಂದು ಗೋಲು.

ದಿನಾ ಐಸಿನ ಬ್ಲಾಕ್ ಎಣಿಸಿ ಬರೆಯುವ ಅಭ್ಯಾಸ ನನಗೆ. ಕಿಸೆಯಲ್ಲಿ ಸಣ್ಣ ಪುಸ್ತಕ ಇರುತ್ತದೆ. ಮೊದಲ ಅರ್ಧದಲ್ಲಿ ನಮಗೆ ಸಿಕ್ಕಿದ್ದು 11 ಗೋಲ್ ಕಿಕ್. ಅದರಲ್ಲಿ 10 ಶಾರ್ಟ್. ಆ ಹತ್ತರಲ್ಲಿ ಚೆಂಡು ನಮ್ಮ ಕಾಲಿನಲ್ಲೇ ಇದ್ದು ನಡುಗೆರೆ ದಾಟಿದ್ದು ಎರಡು ಸಲ. ಮುಂದಿನ ಮೂವರು ಒಂದು ಕಡೆ ಚಳಿಯಲ್ಲಿ ನಿಂತಿದ್ದರು. ನಮ್ಮ ಎಡಬದಿಯಲ್ಲಿ ಆಡುವ ಹುಡುಗ, ಈ ಜಿಲ್ಲೆಯಲ್ಲಿ ಅವನಷ್ಟು ವೇಗವಾಗಿ ಓಡುವವರನ್ನು ನಾನು ಕಂಡಿಲ್ಲ, ಮೊದಲ ಅರ್ಧದಲ್ಲಿ ಚೆಂಡು ಮುಟ್ಟಿದ್ದು ನಾಲ್ಕು ಬಾರಿ. ಅದರಲ್ಲಿ ಎರಡು ಥ್ರೋ. ಸುತ್ತಲಿದ್ದವರೆಲ್ಲ ‘ದುಂಬು ಪಾಡ್ಲೆ ಮಾರಾಯ್ರೆ, ದುಂಬು ಪಾಡ್ಲೆ’ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಮುಂದೆ ಹಾಕಿ ಎಂದು ಇಷ್ಟು ಜನ ಒಟ್ಟಿಗೆ ಬೊಬ್ಬೆ ಹೊಡೆಯುವುದನ್ನು ನಾನು ಆಡುತ್ತಿದ್ದ ಕಾಲದಲ್ಲೂ ಕೇಳಿಲ್ಲ.

ಶಾರ್ಟ್ ಪಾಸ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕಳೆದ ಜನವರಿಯಲ್ಲಿ, ಒಣ ನೆಲದಲ್ಲಿ, ಇದೇ ಹುಡುಗರು ಕೀಪರ್‌ನಿಂದ ಶುರು ಮಾಡಿ ಒಂಬತ್ತು ಪಾಸ್‌ನಲ್ಲಿ ಗೋಲು ಹೊಡೆದರು. ಎದುರಾಳಿಯ ಒಬ್ಬನಿಗೂ ಚೆಂಡು ತಾಗಲಿಲ್ಲ. ಅಂಥ ಗೋಲು ನಾನು ಈ ಊರಿನಲ್ಲಿ ನೋಡಿರಲಿಲ್ಲ. ಹುಡುಗರಿಗೆ ಅದನ್ನು ಕಲಿಸಿದ ತರಬೇತುದಾರರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಒಂದು ಗೋಲಿನ ನಂತರ ಅದೇ ಆಟ ತಂಡದ ನಿಯಮವಾಗಿಬಿಟ್ಟಿತು. ನೆಲ ಯಾವುದು, ಹವೆ ಯಾವುದು, ಎದುರು ಯಾರು ಎಂದು ನೋಡುವುದು ನಿಂತುಹೋಯಿತು.

ಗೋಲ್ ಕಿಕ್ ಹೀಗೆ ಆಡಲು ದಾರಿ ಮಾಡಿಕೊಟ್ಟದ್ದು 2019ರ ಜೂನ್ 1ರಿಂದ ಜಾರಿಗೆ ಬಂದ ನಿಯಮ. ಅದಕ್ಕೂ ಮೊದಲು ಗೋಲ್ ಕಿಕ್‌ನ ಚೆಂಡು ಪೆನಾಲ್ಟಿ ಬಾಕ್ಸ್ ದಾಟಿದ ಮೇಲಷ್ಟೇ ಇನ್ನೊಬ್ಬ ಮುಟ್ಟಬಹುದಿತ್ತು. ಈಗ ಹೊಡೆದು ಚೆಂಡು ಅಲುಗಿದರೆ ಸಾಕು, ಬಾಕ್ಸ್ ಒಳಗೇ ನಮ್ಮವನು ತೆಗೆದುಕೊಳ್ಳಬಹುದು. ಎದುರಾಳಿಗಳು ಅಲ್ಲಿಯವರೆಗೆ ಬಾಕ್ಸ್ ಹೊರಗೆ ನಿಲ್ಲಬೇಕು. ಹೀಗೆ ಹತ್ತಿರದಲ್ಲಿ ಆಡುವುದರ ಉದ್ದೇಶ ಎದುರಾಳಿಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಅವರ ಮೂರು ನಾಲ್ಕು ಜನ ನಮ್ಮ ಬಾಕ್ಸ್ ಹತ್ತಿರ ಬಂದರೆ ಅವರ ಬೆನ್ನ ಹಿಂದೆ ಜಾಗ ತೆರೆಯುತ್ತದೆ. ಆ ಜಾಗಕ್ಕೆ ಚೆಂಡು ಹೋದರೆ ಮಾತ್ರ ಈ ಉಪಾಯಕ್ಕೆ ಅರ್ಥ. ನಾವು ರವಿವಾರ ಎದುರಾಳಿಯನ್ನು ಚೆನ್ನಾಗಿಯೇ ಎಳೆದುಕೊಂಡೆವು, ನಾಲ್ವರು ಬಂದು ನಿಂತರು. ಹಿಂದೆ ಅರ್ಧ ಮೈದಾನ ಖಾಲಿ. ನಮ್ಮವರು ಆಗಲೂ ಪಕ್ಕದವನಿಗೇ ಕೊಟ್ಟರು.

ಇನ್ನೊಂದು ನಿಯಮ ನಮ್ಮ ತಂಡದವರಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ನೆನಪಿಸುತ್ತೇನೆ. ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ನಮ್ಮ ಫಾರ್ವರ್ಡ್ ಎದುರಾಳಿಯ ಕೊನೆಯ ಬ್ಯಾಕ್‌ನ ಹಿಂದೆ ಹೋಗಿ ನಿಂತರೂ ತಪ್ಪಾಗುವುದಿಲ್ಲ. ಶಾರ್ಟ್ ಪಾಸ್‌ಗೆ ಹೆಸರಾದ ಮ್ಯಾಂಚೆಸ್ಟರ್ ಸಿಟಿ ತಂಡವೇ ಉದ್ದದ ಚೆಂಡನ್ನು ಬಿಟ್ಟಿಲ್ಲ. 2018ರ ಆಗಸ್ಟ್‌ನಲ್ಲಿ ಹಡರ್ಸ್‌ಫೀಲ್ಡ್ ಎದುರು ಅವರು 6-1ರಿಂದ ಗೆದ್ದಾಗ ಮೊದಲ ಗೋಲು ಬಂದದ್ದು ಕೀಪರ್ ಎಡರ್ಸನ್ ತನ್ನ ಬಾಕ್ಸ್‌ನಿಂದ ಉದ್ದಕ್ಕೆ ಹೊಡೆದ ಚೆಂಡಿನಿಂದ. ಅದು ನೇರ ಫಾರ್ವರ್ಡ್ ಅಗ್ವೆರೊಗೆ ಸಿಕ್ಕಿತು. ನಮ್ಮ ಹುಡುಗರು ಮೊಬೈಲಿನಲ್ಲಿ ಆ ತಂಡದ ಪಾಸ್‌ಗಳನ್ನು ದಿನಾ ನೋಡುತ್ತಾರೆ. ಈ ಗೋಲನ್ನೂ ನೋಡಲಿ.

ಪಾಸ್ ಲೆಕ್ಕದಿಂದ ಪಂದ್ಯ ಗೆಲ್ಲುವುದಿಲ್ಲ ಎನ್ನುವುದಕ್ಕೆ ಸ್ಪೇನ್‌ಗಿಂತ ದೊಡ್ಡ ಸಾಕ್ಷಿ ಬೇಡ. 2010ರಲ್ಲಿ ಅವರು ವಿಶ್ವಕಪ್ ಗೆದ್ದಾಗ ಏಳು ಪಂದ್ಯಗಳಲ್ಲಿ ಹೊಡೆದದ್ದು ಎಂಟೇ ಗೋಲು, ಆದರೂ ಆ ಪಾಸ್‌ಗಳು ಮುಂದಕ್ಕೆ ಹೋಗುತ್ತಿದ್ದವು. 2018ರ ಜುಲೈ 1, ಅದೂ ರವಿವಾರವೇ, ರಷ್ಯಾ ಎದುರಿನ ಪಂದ್ಯವನ್ನು ಅಕ್ಕನ ಮನೆಯಲ್ಲಿ ಕೂತು ನೋಡಿದ್ದೆ. ಸಾವಿರಕ್ಕೂ ಹೆಚ್ಚು ಪಾಸ್ ಕೊಟ್ಟರು. ಅವರ ಲೆಕ್ಕಕ್ಕೆ ಬಂದ ಒಂದೇ ಗೋಲು ರಷ್ಯಾದವನೇ ತನ್ನ ಗೋಲಿಗೆ ಹಾಕಿಕೊಂಡದ್ದು. 1-1 ಆಗಿ ಪೆನಾಲ್ಟಿಯಲ್ಲಿ ಸೋತರು. 2022ರ ಡಿಸೆಂಬರ್ 6ರಂದು ಮೊರಾಕ್ಕೊ ಎದುರು ಮತ್ತೆ ಸಾವಿರದಾಚೆ ಪಾಸ್, ಗೋಲು ಸೊನ್ನೆ, ಪೆನಾಲ್ಟಿಯಲ್ಲೂ ಒಂದೂ ಒಳಗೆ ಹೋಗಲಿಲ್ಲ. ಅದಕ್ಕೆ ಐದು ದಿನ ಮೊದಲು ಜಪಾನ್, ಚೆಂಡು ತನ್ನ ಬಳಿ ಐದರಲ್ಲೊಂದು ಪಾಲೂ ಇಲ್ಲದೆ, ಸ್ಪೇನನ್ನು 2-1ರಿಂದ ಸೋಲಿಸಿತ್ತು. ಆಮೇಲೆ ಸ್ಪೇನ್ ಬದಲಾಯಿತು. 2024ರ ಯುರೋ ಕಪ್‌ನಲ್ಲಿ ಎರಡು ಬದಿಯಲ್ಲಿ ಯಮಾಲ್ ಮತ್ತು ನಿಕೊ ವಿಲಿಯಮ್ಸ್ ಎಂಬ ಇಬ್ಬರು ಹುಡುಗರಿಗೆ ಚೆಂಡು ಕೊಟ್ಟು ಓಡಲು ಬಿಟ್ಟರು. ಪಾಸ್ ಬಿಡಲಿಲ್ಲ, ಪಾಸ್‌ನ ಜೊತೆಗೆ ಓಟ ಸೇರಿಸಿದರು. ಬರ್ಲಿನ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿ ಕಪ್ ಎತ್ತಿದರು. ನಮ್ಮ ಎಡಬದಿಯ ಹುಡುಗನನ್ನು ನೆನೆದರೆ ನನಗೆ ಆ ನಿಕೊ ಕಣ್ಣಿಗೆ ಬರುತ್ತಾನೆ.

ಅವರ ಹುಲ್ಲಿನ ಮೈದಾನವೇ ಬೇರೆ. ಆಟಕ್ಕೆ ಮೊದಲು ಬೇಕೆಂದೇ ನೀರು ಚಿಮುಕಿಸುತ್ತಾರೆ, ತೆಳು ತೇವದ ಮೇಲೆ ಚೆಂಡು ಜಾರಿಕೊಂಡು ವೇಗವಾಗಿ ಹೋಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ, ಅದರಲ್ಲೂ ಹೆಚ್ಚಿನದು ನಾವು ಆಡುವ ಈ ಎರಡು ಮೂರು ತಿಂಗಳಲ್ಲೇ. ಇಲ್ಲಿ ಒಂದು ಕಡೆ ಚೆಂಡು ಜಾರುತ್ತದೆ, ಮೂರು ಮಾರು ಆಚೆ ನಿಂತ ನೀರಿನಲ್ಲಿ ಸತ್ತಂತೆ ನಿಲ್ಲುತ್ತದೆ. ಹತ್ತಿರದ ಪಾಸ್ ನೆಲದ ಮೇಲೆ ನಂಬಿಕೆ ಇಟ್ಟು ಕೊಡುವ ಪಾಸ್. ನೆಲದ ಮೇಲೆ ನಂಬಿಕೆ ಇಲ್ಲದ ದಿನ ಚೆಂಡನ್ನು ಗಾಳಿಯಲ್ಲಿ ಕಳಿಸಬೇಕು, ಇದು ಇಲ್ಲಿ ಆಡಿ ಬೆಳೆದ ಪ್ರತಿ ಮಗುವಿಗೂ ಗೊತ್ತು. ‘ನಿಮ್ಮ ಕಾಲದವರಿಗೆ ಪಾಸ್ ಗೊತ್ತಿರಲಿಲ್ಲ, ಅದಕ್ಕೆ ಎತ್ತಿ ಹೊಡೆಯುತ್ತಿದ್ದಿರಿ’ ಎಂದು ಒಬ್ಬ ಯುವಕ ಅಂದು ನನಗೆ ಹೇಳಿದ. ನನಗೆ ನೋವಾಯಿತು. ನಾವು ಆಡಲು ಶುರು ಮಾಡಿದಾಗ ಇದ್ದದ್ದು ಚರ್ಮದ ಚೆಂಡು. ಕಾಲು ಗಂಟೆಯಲ್ಲಿ ನೀರು ಕುಡಿದು ಕಲ್ಲಿನಂತಾಗುತ್ತಿತ್ತು, ತಲೆ ಕೊಟ್ಟರೆ ರಾತ್ರಿಯವರೆಗೂ ಹಣೆ ನೋಯುತ್ತಿತ್ತು. ವಿಶ್ವಕಪ್‌ನಲ್ಲೇ ಪೂರ್ತಿ ಸಿಂಥೆಟಿಕ್ ಚೆಂಡು ಬಂದದ್ದು 1986ರಲ್ಲಿ, ನಮ್ಮ ಕೈಗೆ ಬರಲು ಇನ್ನೂ ಹಲವು ವರ್ಷ ಹಿಡಿಯಿತು. ಅಂಥ ಭಾರದ ಚೆಂಡನ್ನೇ ನಾವು ಎತ್ತಿ ಹೊಡೆಯುತ್ತಿದ್ದೆವು, ಯಾಕೆಂದರೆ ಕೆಸರಿನಲ್ಲಿ ಬೇರೆ ದಾರಿ ಇರಲಿಲ್ಲ. ಈಗಿನ ಚೆಂಡು ನೀರು ಕುಡಿಯುವುದಿಲ್ಲ. ನಮ್ಮ ಕೀಪರ್‌ನ ಬಲಗಾಲಿನ ಹೊಡೆತ ನಡುಗೆರೆಯಿಂದ ಎಷ್ಟೋ ಆಚೆ ಬೀಳುತ್ತದೆ, ಅಭ್ಯಾಸದಲ್ಲಿ ನಾನೇ ನೋಡಿದ್ದೇನೆ. ಪಂದ್ಯದಲ್ಲಿ ಅವನಿಗೆ ಹೊಡೆಯಲು ಅಪ್ಪಣೆ ಇಲ್ಲ.

ಅಪ್ಪಣೆ ಇಲ್ಲ ಎಂದು ನಾನು ಊಹಿಸಿ ಬರೆಯುತ್ತಿಲ್ಲ. ಆ ಸ್ಟಾಪರ್ ಹುಡುಗ ನಮ್ಮ ಮನೆಯಿಂದ ಮೂರು ಮನೆ ಆಚೆಯವನು, ವಯಸ್ಸು 19. ಸೋಮವಾರ ಸಂಜೆ ಅಂಗಡಿಯ ಹತ್ತಿರ ಸಿಕ್ಕಿದ, ತಲೆ ಎತ್ತಲಿಲ್ಲ. ‘ಉದ್ದ ಹೊಡೀಬಹುದಿತ್ತಲ್ಲ ಮಗಾ’ ಎಂದೆ. ‘ಉದ್ದ ಹೊಡೆದ್ರೆ ಹೊರಗೆ ಕೂರಿಸ್ತಾರೆ ಮಾಮ, ಮೊದಲ ಪಂದ್ಯದಲ್ಲಿ ಒಬ್ಬನನ್ನು ಕೂರಿಸಿದ್ರಲ್ಲ’ ಎಂದ. ಅವನ ಅಮ್ಮ ಬೀಡಿ ಕಟ್ಟಿ ಉಳಿಸಿದ ದುಡ್ಡಿನಲ್ಲಿ ಈ ಸಲ ಅವನಿಗೆ ಹೊಸ ಬೂಟು ತೆಗೆದುಕೊಟ್ಟಿದ್ದರು. ಮಗ ಸೆಮಿಫೈನಲ್ ಆಡುತ್ತಾನೆಂದು ರವಿವಾರ ಮೊದಲ ಸಲ ಮೈದಾನಕ್ಕೆ ಬಂದಿದ್ದರು, ನಮ್ಮಿಂದ ಸ್ವಲ್ಪ ಆಚೆ, ಸೆರಗು ತಲೆಗೆ ಹೊದ್ದುಕೊಂಡು ನಿಂತಿದ್ದರು. ಎರಡನೇ ಗೋಲು ಬಿದ್ದಾಗ ನಮ್ಮ ಬೆಂಬಲಿಗರೇ ಆ ಹುಡುಗನನ್ನು ಬೈದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆ ತಾಯಿ ಆಟ ಮುಗಿಯುವವರೆಗೆ ನಿಲ್ಲಲಿಲ್ಲ. ನಾನು ಅಲ್ಲೇ ಇದ್ದೆ, ಬೈಯುವವರನ್ನು ತಡೆಯಲಿಲ್ಲ. ಅದು ಈಗಲೂ ನನ್ನನ್ನು ಸುಡುತ್ತಿದೆ.

ಸಿಟ್ಟು ನನಗೂ ಇತ್ತು. ಆದರೆ ಹೇಳಿದ ಹಾಗೆ ಆಡಿದ ಹುಡುಗನ ಮೇಲೆ ತೀರಿಸಿಕೊಳ್ಳುವ ಸಿಟ್ಟಲ್ಲ ಅದು. ಕೇಳುವುದಿದ್ದರೆ ಯೋಜನೆ ಮಾಡಿದವರನ್ನು ಮರ್ಯಾದೆಯಿಂದ ಕೇಳೋಣ, ಅದಕ್ಕೇ ಈ ಪತ್ರ.

ಆಗಸ್ಟ್‌ನಲ್ಲಿ ಇನ್ನೊಂದು ಟೂರ್ನಿ ಉಂಟು, ಮಳೆಯೂ ಇರುತ್ತದೆ. ತಂಡದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಪಂದ್ಯದ ದಿನ ಬೆಳಗ್ಗೆ ಇಬ್ಬರು ಬಂದು ಮೈದಾನ ಸುತ್ತಿ ನೀರು ಎಲ್ಲೆಲ್ಲಿ ನಿಂತಿದೆ ನೋಡಲಿ. ಅವತ್ತು ಉದ್ದ ಹೊಡೆಯಬೇಕೋ ಹತ್ತಿರ ಕೊಡಬೇಕೋ ಎಂಬ ತೀರ್ಮಾನ ಕೀಪರ್‌ನ ಕೈಯಲ್ಲಿರಲಿ, ಹೊಡೆದದ್ದಕ್ಕೆ ಅವನನ್ನು ಹೊರಗೆ ಕೂರಿಸಬೇಡಿ. ಎಡಬದಿಯ ಹುಡುಗನಿಗೆ ಅರ್ಧ ಗಂಟೆಗೆ ನಾಲ್ಕು ಚೆಂಡಾದರೂ ಅವನ ಓಟಕ್ಕೆ ಸಿಗುವ ಹಾಗೆ ಬರಲಿ. ಸ್ಟಾಪರ್‌ನನ್ನು ತಂಡದಿಂದ ತೆಗೆಯುವ ಮಾತು ನಡೆದಿದೆ ಎಂದು ಕೇಳಿದೆ, ದಯವಿಟ್ಟು ತೆಗೆಯಬೇಡಿ. ಅವನು ಮೊದಲ ಅರ್ಧದಲ್ಲೇ ಗೆರೆಯ ಮೇಲಿಂದ ಎರಡು ಚೆಂಡು ಹೊರಗೆ ತೆಗೆದದ್ದು ವರದಿಯಲ್ಲಿ ಬಂದಿಲ್ಲ, ನನ್ನ ಪುಸ್ತಕದಲ್ಲಿದೆ. ಸಾಧ್ಯವಾದರೆ ಅದನ್ನೂ ಒಂದು ಸಾಲು ಪ್ರಕಟಿಸಿ. ಅವರ ಮನೆಗೆ ನಿಮ್ಮ ಪತ್ರಿಕೆ ಬರುತ್ತದೆ.

— ಹಳೆಯ ಲೆಫ್ಟ್ ಔಟ್, ಬೋಳಾರ, ಮಂಗಳೂರು