ಜಿಂಕೆ ಅಡ್ಡ ಬರತ್ತೆ ಅಂತ ಗಾರ್ಡ್ ಹಾಕ್ಸೋರು ಇದನ್ನ ಓದಿ

ಮಾನ್ಯ ಸಂಪಾದಕರೇ,

ಗುಂಡ್ಲುಪೇಟೆ, ತೆರಕಣಾಂಬಿ ಕಡೆಯಿಂದ ಊಟಿಗೋ ಸುಲ್ತಾನ್ ಬತ್ತೇರಿಗೋ ತರಕಾರಿ ಹೊಡೆಯೋ ಪಿಕಪ್, 407, ಐಷರ್ ತರದ ಸರಕು ಗಾಡಿ ಯಾವ್ದಾದ್ರೂ ನೋಡಿ, ಮುಂದೆ ದಪ್ಪ ಪೈಪಿನ ಗಾರ್ಡ್ ಇದ್ದೇ ಇರತ್ತೆ ಅನ್ನೋ ಹಾಗಾಗಿದೆ. ಯಾಕಣ್ಣ ಅಂದ್ರೆ ಎಲ್ರೂ ಹೇಳೋದು ಒಂದೇ, ಬಂಡೀಪುರದಲ್ಲಿ ಜಿಂಕೆ ಅಡ್ಡ ಬಂದ್ರೆ ಇಂಜಿನ್ ತಣ್ಣಗಿಡೋ ರೇಡಿಯೇಟರ್ ಉಳೀಲಿ ಅಂತ. ಹೊಸದಾಗಿ ಗಾಡಿ ತಗೊಂಡ ಹುಡುಗ್ರು ನನ್ ಹತ್ರ ಬಂದು ಎಂಎಸ್ (ಮಾಮೂಲಿ ಉಕ್ಕಿನ) ಪೈಪ್ ಹಾಕ್ಸ್ಲಾ ಸ್ಟೇನ್‌ಲೆಸ್ ಹಾಕ್ಸ್ಲಾ, ಒಂಟಿ ಪೈಪ್ ಸಾಕಾ ಹೆಡ್‌ಲೈಟ್ ಮುಚ್ಚೋ ತರದ್ದೇ ಬೇಕಾ ಅಂತ ಕೇಳ್ತಾರೆ. ಯಾವ್ದೂ ಬೇಡ ಅಂತೀನಿ. ಅವ್ರಿಗೆ ಅದು ರುಚಿಸಲ್ಲ, ಅಂಗಡಿಗೆ ಹೋಗಿ ಹಾಕಿಸ್ಕೊಂಡೇ ಬರ್ತಾರೆ, ಅದಕ್ಕೇ ನಿಮ್ಮ ಪತ್ರಿಕೆಗೆ ಬರೀತಿದೀನಿ.

ಮೊದ್ಲು ಕಾನೂನಿನ ವಿಷ್ಯ. 2017ರ ಡಿಸೆಂಬರ್‌ನಲ್ಲೇ ಕೇಂದ್ರದ ರಸ್ತೆ ಸಾರಿಗೆ ಇಲಾಖೆ ಎಲ್ಲಾ ರಾಜ್ಯಗಳಿಗೂ ಪತ್ರ ಬರೆದು, ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಅಂತ ಕರೆಯೋ ಈ ಗಾರ್ಡ್ ಹಾಕೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ, ಕ್ರಮ ತಗೊಳ್ಳಿ ಅಂತ ಹೇಳಿತ್ತು. 2019ರ ತಿದ್ದುಪಡಿ ಆದ್ಮೇಲಂತೂ ಅನುಮತಿ ಇಲ್ದೆ ಗಾಡಿ ಮಾರ್ಪಾಡು ಮಾಡ್ಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಜೈಲು ಶಿಕ್ಷೆಗೂ ಅವಕಾಶ ಇದೆ. ಇಷ್ಟೆಲ್ಲಾ ಇದ್ರೂ ಗಾರ್ಡುಗಳು ಅಂಗಡಿ ಮುಂದೆ ಸಾಲಾಗಿ ನೇತಾಡ್ತಾ ಇರ್ತವೆ, ಎಫ್‌ಸಿ (ಗಾಡಿ ಫಿಟ್‌ನೆಸ್ ತಪಾಸಣೆ) ದಿನ ನಾಲ್ಕು ಬೋಲ್ಟ್ ಬಿಚ್ಚಿ ಮನೇಲಿಟ್ಟು ಹೋಗೋದು, ಸಂಜೆ ಮತ್ತೆ ಕೂರಿಸ್ಕೊಳ್ಳೋದು, ಇದು ಎಲ್ರಿಗೂ ಗೊತ್ತಿರೋದೇ.

ದಂಡದ ಮಾತು ಬಿಡಿ, ಗಾರ್ಡ್ ನಿಜವಾಗ್ಲೂ ಕಾಪಾಡತ್ತಾ ಅನ್ನೋದನ್ನ ನೋಡಿ. ಕಂಪನಿಯವ್ರು ಕೊಟ್ಟಿರೋ ಬಂಪರ್ ಮುರೀಲಿ, ಬಗ್ಗಲಿ ಅಂತಾನೇ ಮಾಡಿರೋದು. ಅದು ನುಜ್ಜುಗುಜ್ಜಾದಷ್ಟೂ ಹೊಡೆತದ ಜೋರು ಅಲ್ಲೇ ಕಮ್ಮಿ ಆಗತ್ತೆ. ಲೋಕಲ್ ಗಾರ್ಡನ್ನ ಎರಡು ದಪ್ಪ ಪಟ್ಟಿ ಇಟ್ಟು ನೇರ ಚಾಸಿ (ಗಾಡಿಯ ಅಡಿ ಚೌಕಟ್ಟು) ಮೂತಿಗೇ ಬೋಲ್ಟ್ ಮಾಡ್ತಾರೆ ಇಲ್ಲಾ ವೆಲ್ಡ್ ಹೊಡೀತಾರೆ, ಆಗ ಬಂಪರಿಗೆ ಕೆಲ್ಸಾನೇ ಇರಲ್ಲ, ಹೊಡೆತ ಪೂರ್ತಿ ಚಾಸಿಗೆ ಹೋಗಿ ಅಲ್ಲಿಂದ ಕ್ಯಾಬಿನ್‌ಗೆ ಬರತ್ತೆ. ಏರ್‌ಬ್ಯಾಗ್ ಇರೋ ಗಾಡಿ ಆದ್ರೆ ಇನ್ನೂ ಕಷ್ಟ, ಮುಂದಿನ ಸೆನ್ಸರ್ ಹೊಡೆತ ಎಷ್ಟು ಬೇಗ ಎಷ್ಟು ಜೋರಾಗಿ ಬಂತು ಅಂತ ಲೆಕ್ಕ ಹಾಕಿ ಬ್ಯಾಗ್ ಬಿಡತ್ತೆ, ಗಾರ್ಡ್ ಇದ್ರೆ ಆ ಲೆಕ್ಕ ತಪ್ಪಿ ಬ್ಯಾಗು ತಡವಾಗಿ ತೆರ್ಕೊಬಹುದು, ತೆರೀದೇನೂ ಇರಬಹುದು. ಮೂತಿ ಇಲ್ಲದ ಗಾಡೀಲಿ ಡ್ರೈವರ್ ಮೊಣಕಾಲಿಗೂ ಮುಂದಿನ ತಗಡಿಗೂ ಗೇಣು ದೂರ ಇರಲ್ಲ, ಅಲ್ಲಿ ಪೈಪ್ ಹಿಂದಕ್ಕೆ ಮಡಚ್ಕೊಂಡ್ರೆ ಸೀದಾ ಕಾಲಿಗೇ.

ಹೋಗ್ಲಿ ರೇಡಿಯೇಟರ್ ಆದ್ರೂ ಉಳಿಯತ್ತಾ? ಜಿಂಕೆ ಸರಿ, ಬಲಿತ ಗಂಡು 70-80 ಕೆಜಿ ಇರತ್ತೆ, ನಿಧಾನ ಇದ್ರೆ ತಡೀಬಹುದು. ಆದ್ರೆ ಆ ರೋಡಲ್ಲಿ ಜಿಂಕೆ ಒಂದೇ ದಾಟತ್ತಾ? ಗಂಡು ಕಡವೆ 200 ಕೆಜಿ ಮೀರತ್ತೆ, ಕಾಟಿ (ಕಾಡೆಮ್ಮೆ) ಅಂತೂ 700, 800 ಕೆಜಿ. ಅಂಥದ್ದಕ್ಕೆ ಗುದ್ದಿದ್ರೆ ಆ ಪೈಪೇ ಒಳಗೆ ನುಗ್ಗಿ ರೇಡಿಯೇಟರನ್ನ ಚುಚ್ಚತ್ತೆ, ಯಾವುದನ್ನ ಉಳಿಸ್ಬೇಕು ಅಂತ ಹಾಕ್ಸಿದ್ರೋ ಅದೇ ಮೊದ್ಲು ಹೋಗತ್ತೆ. ಜೊತೆಗೆ ಅಗಲ ಪ್ಲೇಟು, ಎರಡು ಫಾಗ್ ಲೈಟು, ಸಂಘದ ಬೋರ್ಡು ಎಲ್ಲಾ ಗಾರ್ಡ್ ಮೇಲೇ ಕಟ್ಟಿರ್ತಾರೆ, ಗಾಳಿ ಸರಿಯಾಗಿ ಒಳಗೆ ಹೋಗ್ದೆ ಗೂಡಲೂರು ಘಾಟಿ ಹತ್ತೋವಾಗ ಲೋಡ್ ಗಾಡಿ ಹೀಟ್ ಆಗಿ ನಿಲ್ಲತ್ತೆ.

ಆಸ್ಟ್ರೇಲಿಯಾದಲ್ಲಿ ಕಾಂಗರೂಗೆ, ಅಮೆರಿಕದಲ್ಲಿ ಜಿಂಕೆಗೆ ಅಂತ ಲಾರಿಗಳಿಗೆ ಹಾಕ್ತಾರಲ್ಲ ಅಂತ ವಿಡಿಯೋ ತೋರಿಸ್ತಾರೆ. ಹಾಕ್ತಾರೆ ನಿಜ. ಅಲ್ಲಿ ಗಾಡಿಯ ಮಾಡೆಲ್ಲಿಗೆ ತಕ್ಕಂತೆ ಮಾಡಿದ ಗಾರ್ಡ್ ಸಿಗತ್ತೆ, ಆಸ್ಟ್ರೇಲಿಯಾದಲ್ಲಿ ಬುಲ್ ಬಾರ್‌ಗೆ ಅಂತಾನೇ 2002ರಿಂದ ಸ್ಟ್ಯಾಂಡರ್ಡ್ ಇದೆ. ಉದ್ದಕ್ಕೂ ಜನ ಇಲ್ಲದ ಬಯಲು ರೋಡುಗಳು ಅಲ್ಲಿ ಎಷ್ಟೋ ಇದಾವೆ. ನಮ್ಮ ಗಾಡಿ ಕಾಡು ದಾಟಿದ ಕೂಡ್ಲೇ ಊರೊಳಗೆ ಬರತ್ತೆ, ಸ್ಕೂಲ್ ಮಕ್ಕಳು, ದನ, ಸೈಕಲ್ಲು ಎಲ್ಲಾ ಇರತ್ತೆ. ಪ್ಲಾಸ್ಟಿಕ್ ಬಂಪರ್ ತಗುಲಿ ಕಾಲು ಮುರ್ಕೊಂಡು ಉಳಿಯೋ ಮಗು ಆ ಪೈಪ್ ತಗುಲಿದ್ರೆ ಉಳಿಯೋದು ಕಷ್ಟ, ಅದರ ಎತ್ತರ ಸರಿಯಾಗಿ ಮಕ್ಕಳ ಎದೆ, ತಲೆ ಮಟ್ಟಕ್ಕೇ ಇರತ್ತೆ.

ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿರೋದು ಗೇಟಿನ ವಿಷ್ಯ. 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ಬಂದ್, 2010ರಲ್ಲಿ ಹೈಕೋರ್ಟೂ ಎತ್ತಿ ಹಿಡೀತು, ಅದು ಒಳ್ಳೇದೇ ಆಯ್ತು, ತೆಗೀಬಾರದು. ಆದ್ರೆ ಗೇಟ್ ಬೀಳೋ ಮುಂಚಿನ ಒಂದು ಗಂಟೆ ಮದ್ದೂರು ಚೆಕ್‌ಪೋಸ್ಟ್ ಹತ್ರ, ಮೇಲುಕಾಮನಹಳ್ಳಿ ಹತ್ರ ಯಾರಾದ್ರೂ ನಿಂತು ನೋಡ್ಲಿ. ಎಲ್ಲಾ ಗಾಡಿಗೂ 9ರ ಒಳಗೆ ಒಳಗೆ ಹೋಗ್ಬೇಕು, ಮಾಲು ಬೆಳಗಿನ ಮಾರ್ಕೆಟ್‌ಗೆ ತಲುಪ್ಬೇಕು, ಒಬ್ಬರ ಹಿಂದೆ ಒಬ್ಬರು ಹೈಬೀಮ್ ಹಾಕ್ಕೊಂಡು ತುಳೀತಾರೆ. ಬೆಳಿಗ್ಗೆ ಗೇಟ್ ತೆಗೆದಾಗ್ಲೂ ಅದೇ. ಜಿಂಕೆ ರೋಡ್ ಪಕ್ಕದ ಚಿಗುರು ಹುಲ್ಲಿಗೆ ಬರೋದೂ ಸರಿಯಾಗಿ ಅದೇ ಹೊತ್ತಿಗೆ. ಮಳೆ ಬಿದ್ದ ಮೇಲೆ ಲಂಟಾನ ಪೊದೆ ಸವರಿದ ಜಾಗದಲ್ಲೆಲ್ಲಾ ಹಸಿರು ಎದ್ದಿರತ್ತೆ, ಹಿಂಡು ಹಿಂಡಾಗಿ ನಿಂತಿರ್ತವೆ. ಮೊದಲ್ನೇದು ದಾಟಿ ಆ ಕಡೆ ನಿಂತು ತಿರುಗಿ ನೋಡತ್ತೆ, ಡ್ರೈವರ್ ಆಯ್ತಲ್ಲ ಅಂತ ಆಕ್ಸಿಲೇಟರ್ ಒತ್ತೋ ಹೊತ್ತಿಗೇ ಹಿಂದಿನವು ಒಟ್ಟಿಗೆ ನುಗ್ತವೆ, ಮರಿ ಯಾವಾಗ್ಲೂ ಹಿಂದೇನೇ ಇರತ್ತೆ. ಒಂದು ಜಿಂಕೆ ಕಂಡ್ರೆ ಇನ್ನೂ ನಾಲ್ಕು ಇದೆ ಅಂದ್ಕೊಂಡು ಗಾಡಿ ನಿಲ್ಲಿಸ್ಬೇಕು, ಹೈಬೀಮ್ ಕಣ್ಣಿಗೆ ಹೊಡೆದ್ರೆ ಅದು ಇದ್ದಲ್ಲೇ ನಿಂತುಬಿಡತ್ತೆ, ಹಾಗಾಗಿ ಲೈಟ್ ಕೆಳಕ್ಕೆ ಡಿಪ್ ಮಾಡ್ಬೇಕು, ಇದನ್ನ ಹೊಸ ಡ್ರೈವರ್‌ಗಳಿಗೆ ಯಾರೂ ಹೇಳ್ಕೊಡಲ್ಲ.

80ರಲ್ಲಿ ಹೋಗ್ತಿದ್ರೆ ಕಾಲು ಬ್ರೇಕಿಗೆ ಹೋಗೋಷ್ಟರಲ್ಲೇ 22 ಮೀಟರ್ ಮುಂದೆ ಹೋಗಿರತ್ತೆ, ಪೂರ್ತಿ ನಿಲ್ಲೋಕೆ ಖಾಲಿ ಗಾಡಿಗೇ ಸುಮಾರು 60 ಮೀಟರ್ ಬೇಕು, ಲೋಡ್ ಇದ್ರೆ ಇನ್ನೂ ಜಾಸ್ತಿ, ಡಿಪ್ ಲೈಟಲ್ಲಿ ಅಷ್ಟು ದೂರ ಕಾಣೋದೇ ಇಲ್ಲ. 40ರಲ್ಲಿದ್ರೆ ಸುಮಾರು 20 ಮೀಟರಲ್ಲಿ ನಿಲ್ಲತ್ತೆ. ವೇಗ ಅರ್ಧ ಆದ್ರೆ ಹೊಡೆತ ಕಾಲು ಭಾಗ ಅಷ್ಟೇ. ಗಾರ್ಡ್ ಹಾಕ್ಸಿದೀನಿ ಅನ್ನೋ ಧೈರ್ಯದಲ್ಲೇ ಹುಡುಗ್ರು ಇನ್ನೂ ತುಳೀತಾರೆ, ಗಾರ್ಡಿಂದ ಆಗ್ತಿರೋ ದೊಡ್ಡ ಅನಾಹುತ ಇದೇ. ಗಾಡಿಗೆ ಸಿಕ್ಕಿದ ಜಿಂಕೆ ಎಷ್ಟೋ ಸಲ ಅಲ್ಲೇ ಸಾಯಲ್ಲ, ಕಾಲು ಮುರ್ಕೊಂಡು ಪೊದೆಯೊಳಗೆ ಹೋಗಿ ಬೀಳತ್ತೆ, ಯಾರ ಲೆಕ್ಕಕ್ಕೂ ಬರಲ್ಲ.

ಡ್ರೈವರ್ ಕಷ್ಟ ನನಗೆ ಗೊತ್ತಿಲ್ದೇನಿಲ್ಲ. ಟೊಮೆಟೊ ಲೋಡ್ ಇಟ್ಕೊಂಡು ರೇಡಿಯೇಟರ್ ಒಡೆದು ಕಾಡಲ್ಲಿ ನಿಂತ್ರೆ ಗಾಡಿ ರಿಪೇರಿ, ಮಾಲು, ಎರಡೂ ಹೋಗತ್ತೆ, ಮೇಲಿಂದ ಅರಣ್ಯ ಇಲಾಖೆ ಕೇಸು. ಅದಕ್ಕೇ ಗಾರ್ಡಿನ ದುಡ್ಡನ್ನ ಒಳ್ಳೇ ಹೆಡ್‌ಲೈಟಿಗೆ, ಬ್ರೇಕ್ ಲೈನಿಂಗಿಗೆ, ಟೈರಿಗೆ ಹಾಕಿ. ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಟ್ಕೊಂಡು ಓಡಿಸ್ಬೇಡಿ, ಅದರಲ್ಲಿ ನಿಮ್ಮ ಗಾಡಿಗೆ ಒಂದು ರೂಪಾಯೀನೂ ಬರಲ್ಲ, ಫುಲ್ ಇನ್ಶೂರೆನ್ಸ್ ಇದ್ರೆ ಪ್ರಾಣಿ ಗುದ್ದಿದ ಡ್ಯಾಮೇಜಿಗೂ ಕ್ಲೇಮ್ ಮಾಡ್ಬಹುದು. ಆದ್ರೆ ಅನುಮತಿ ಇಲ್ಲದ ಗಾರ್ಡ್ ಇದ್ರೆ ಸರ್ವೇಯರ್ ತಕರಾರು ತೆಗೀಬಹುದು, ಅದೂ ನೆನಪಿರ್ಲಿ. ಮುಂದೆ ಏನಾದ್ರೂ ಇರ್ಲೇಬೇಕು ಅನ್ನೋರು ಗ್ರಿಲ್ ಒಳಗಡೆ ದೊಡ್ಡ ಕಣ್ಣಿನ ಜಾಲರಿ ಹಾಕಿಸ್ಕೊಳ್ಳಿ, ಕಲ್ಲು ಕಡ್ಡಿ ತಡೆಯತ್ತೆ, ಗಾಳೀನೂ ಬಿಡತ್ತೆ.

ಸಾರಿಗೆ ಇಲಾಖೆಯವ್ರಿಗೆ ನನ್ ಮನವಿ, ರೋಡಲ್ಲಿ ಗಾಡಿ ನಿಲ್ಸಿ ದಂಡ ಹಾಕೋದಕ್ಕಿಂತ ಮೊದ್ಲು ಗಾರ್ಡ್ ಮಾಡೋ ಶೆಡ್ಡಿಗೂ ಮಾರೋ ಅಂಗಡಿಗೂ ಹೋಗಿ, ಮಾರೋದು ನಿಂತ್ರೆ ಹಾಕ್ಸೋದು ತಾನಾಗೇ ನಿಲ್ಲತ್ತೆ. ಜಿಲ್ಲಾಡಳಿತದವ್ರು ಗೇಟಿಗಿಂತ ಈಚೆಗೆ ಲಾರಿ ನಿಲ್ಸೋಕೆ ಜಾಗ, ಬೆಳಕು, ಶೌಚಾಲಯ, ಕುಡಿಯೋ ನೀರು ಸರಿಯಾಗಿ ಮಾಡ್ಕೊಡ್ಲಿ. ರಾತ್ರಿ ನೆಮ್ಮದಿಯಾಗಿ ಮಲಗೋ ಜಾಗ ಸಿಕ್ರೆ 8:45ಕ್ಕೆ ಗೇಟ್ ಕಡೆ ಗಾಡಿ ಓಡ್ಸೋ ಡ್ರೈವರ್ ಅರ್ಧ ಜನ ಈಚೆಗೇ ನಿಲ್ತಾರೆ.

ಇತಿ,
ತರಕಾರಿ ಸಾಗಿಸುವ ಒಬ್ಬ ಗಾಡಿ ಮಾಲೀಕ,
ಗುಂಡ್ಲುಪೇಟೆ ತಾಲ್ಲೂಕು